ಎಣ್ಣೆ ತೀರಿದೆಯೋ, ಬತ್ತಿ ಕರಕಾಗಿದೆಯೋ?

ವೈಟ್‌ಬೋರ್ಡಿನ ಕೆಳಗಿನ ತಟ್ಟೆಯಲ್ಲಿ ನಾಲ್ಕು ಮಾರ್ಕರ್ ಬಿದ್ದಿರುತ್ತವೆ. ಮೊದಲನೆಯದನ್ನು ಎತ್ತಿಕೊಂಡು ಎರಡು ಪದ ಬರೆಯುವಷ್ಟರಲ್ಲಿ ಗೀಟು ಮಸುಕಾಗುತ್ತದೆ. ಒಮ್ಮೆ ಕೊಡವಿ, ಇನ್ನೊಮ್ಮೆ ಒತ್ತಿ ನೋಡಿ, ಆಗದು ಎಂದು ಅಲ್ಲೇ ಇಟ್ಟು ಎರಡನೆಯದಕ್ಕೆ ಕೈ ಹಾಕುತ್ತಾರೆ. ಮೊದಲನೆಯದನ್ನು ಕಸದ ಬುಟ್ಟಿಗೆ ಹಾಕುವವರು ಕಡಿಮೆ. ಮುಂದಿನ ಪೀರಿಯಡ್ಡಿಗೆ ಬಂದವರೂ ಅದನ್ನೇ ಎತ್ತಿ, ಅದನ್ನೇ ಕೊಡವಿ, ಅಲ್ಲೇ ಇಡುತ್ತಾರೆ. ಹೀಗೆ ಒಂದೇ ಮಾರ್ಕರ್ ದಿನಕ್ಕೆ ಆರು ಸಲ ಸತ್ತು, ಆರು ಸಲ ತಟ್ಟೆಗೆ ಮರಳುತ್ತದೆ.

ಅದು ನಿಜವಾಗಿ ಸತ್ತಿದೆಯೇ ಎಂಬುದು ಬೇರೆ ಮಾತು. ಬರೆಯದ ಮಾರ್ಕರಿಗೆಲ್ಲ ಸ್ಟಾಫ್ ರೂಮಿನಲ್ಲಿ ಸಿಗುವ ಔಷಧ ಒಂದೇ: ‘ಸ್ವಲ್ಪ ಸ್ಪಿರಿಟ್ ಬಿಡಿ, ಸರಿಹೋಗುತ್ತೆ.’ ಕೆಲವು ಸಲ ಸರಿಹೋಗುವುದೂ ನಿಜ. ಆದರೆ ದೀಪ ಮಂಕಾದಾಗಲೆಲ್ಲ ಎಣ್ಣೆ ಸುರಿಯುವ ಪೈಕಿ ಇದು. ದೀಪ ಮಂಕಾಗಲು ಎಣ್ಣೆ ತೀರಿರಬಹುದು, ಎಣ್ಣೆ ತುಂಬಿದ್ದೂ ಬತ್ತಿಯ ತುದಿ ಕರಕು ಕಟ್ಟಿರಬಹುದು, ಬತ್ತಿ ಎಣ್ಣೆಗೆ ತಾಗದೆ ಮೇಲೆ ನಿಂತಿರಬಹುದು. ಮಾರ್ಕರ್ ಎಂದರೆ ಬತ್ತಿಯ ದೀಪವೇ, ಎಣ್ಣೆಯ ಜಾಗದಲ್ಲಿ ಇಂಕು ಅಷ್ಟೆ. ಬಿಚ್ಚಿ ನೋಡದೆ ಔಷಧ ಹಾಕಿದರೆ ಹತ್ತರಲ್ಲಿ ಒಂದೆರಡು ಬದುಕಿ, ಉಳಿದವು ಇನ್ನೂ ಕೆಡುತ್ತವೆ.

ಒಳಗೇನಿದೆ ನೋಡೋಣ. ಪ್ಲಾಸ್ಟಿಕ್ ಕೊಳವೆಯ ಹಿಂಬದಿಯಲ್ಲಿ ಒಂದು ಬಿರಡೆ. ಅದನ್ನು ತೆಗೆದರೆ ಹತ್ತಿಯಂತೆ ಕಾಣುವ ಉದ್ದನೆಯ ಉರುಳೆ. ಅದು ಹತ್ತಿಯಲ್ಲ, ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿದ ಪಾಲಿಯೆಸ್ಟರ್ ಎಳೆಗಳ ಕಟ್ಟು. ಎಲ್ಲರೂ ಹತ್ತಿ ಎಂದೇ ಕರೆಯುವುದರಿಂದ ಇಲ್ಲೂ ಹತ್ತಿಯೇ ಇರಲಿ. ಇಂಕು ನಿಲ್ಲುವುದು ಇದರಲ್ಲಿ. ಮುಂದಿನ ಮೂತಿಯಲ್ಲಿ ಗಟ್ಟಿ ನಿಬ್. ಅದೂ ಎಳೆಗಳದ್ದೇ, ಆದರೆ ಒತ್ತಾಗಿ ಬೆಸೆದದ್ದು. ನಿಬ್ಬಿನ ಹಿಂಭಾಗ ಹತ್ತಿಯೊಳಗೆ ಚುಚ್ಚಿಕೊಂಡಿರುತ್ತದೆ. ಹತ್ತಿಯ ಎಳೆಗಳ ನಡುವಿನ ಸಂದು ದೊಡ್ಡದು, ನಿಬ್ಬಿನದು ಸಣ್ಣದು. ಸಣ್ಣ ಸಂದು ದ್ರವವನ್ನು ಹೆಚ್ಚು ಬಲವಾಗಿ ಎಳೆಯುತ್ತದೆ, ಹಾಗಾಗಿ ಇಂಕು ಹತ್ತಿಯಿಂದ ನಿಬ್ಬಿಗೆ ತಾನಾಗಿ ಹರಿಯುತ್ತದೆ. ಹೊರಗೆ ಹೋದ ಇಂಕಿನ ಜಾಗಕ್ಕೆ ಗಾಳಿ ಬರಬೇಕಲ್ಲ, ಅದಕ್ಕೆ ಮೂತಿಯ ಒಳಗೆ ನಿಬ್ಬಿನ ಪಕ್ಕದಲ್ಲೇ ಸಣ್ಣ ಕಾಲುವೆಗಳಿರುತ್ತವೆ. ಈ ಕಾಲುವೆಗಳ ವಿಷಯ ಮರೆಯಬೇಡಿ, ರೀಫಿಲ್ ಮಾಡುವಾಗ ಬೇಕಾಗುತ್ತದೆ.

ಇನ್ನು ಇಂಕು. ಅದರಲ್ಲಿ ನಾಲ್ಕು ವಸ್ತು: ಬಣ್ಣದ ಪುಡಿ (ಕಪ್ಪಿಗಾದರೆ ಕಾರ್ಬನ್ ಬ್ಲ್ಯಾಕ್), ಅದನ್ನು ಹಿಡಿದಿಡುವ ರಾಳ, ಇವೆರಡನ್ನೂ ದ್ರವವಾಗಿಡುವ ಆಲ್ಕೋಹಾಲ್, ಕೊನೆಗೆ ಎಣ್ಣೆಯಂಥ ಒಂದು ಪದಾರ್ಥ. ಈ ಕೊನೆಯದೇ ವೈಟ್‌ಬೋರ್ಡ್ ಮಾರ್ಕರಿನ ಗುಟ್ಟು. ಆಲ್ಕೋಹಾಲ್ ಹಾರಿಹೋದ ಮೇಲೆ ರಾಳ ಬೋರ್ಡಿಗೆ ಕಚ್ಚಿಕೊಳ್ಳದಂತೆ ನಡುವೆ ನಿಂತು ತಡೆಯುವುದು ಅದು. ಪರ್ಮನೆಂಟ್ ಮಾರ್ಕರಿನಲ್ಲೂ ಆಲ್ಕೋಹಾಲ್, ರಾಳ, ಬಣ್ಣ ಎಲ್ಲ ಇದ್ದರೂ ಈ ಎಣ್ಣೆ ಮಾತ್ರ ಇಲ್ಲ. ಅದಕ್ಕೇ ಅದು ಅಳಿಸುವುದಿಲ್ಲ.

ಇದನ್ನು ಕಣ್ಣಾರೆ ನೋಡಲು ಒಂದು ಪಿಂಗಾಣಿ ತಟ್ಟೆ ಸಾಕು. ತಟ್ಟೆ ಒಣಗಿರಬೇಕು, ಜಿಡ್ಡಿರಬಾರದು. ವೈಟ್‌ಬೋರ್ಡ್ ಮಾರ್ಕರಿನಿಂದ ದಪ್ಪಗೆ ಒಂದು ಮೀನು ಬರೆದು, ಅರ್ಧ ನಿಮಿಷ ಒಣಗಲು ಬಿಟ್ಟು, ತಟ್ಟೆಯ ಅಂಚಿನಿಂದ ನಿಧಾನವಾಗಿ ನೀರು ಹರಿಸಿ. ಮೀನಿನ ಬಾಲ ಮೊದಲು ಮೇಲೇಳುತ್ತದೆ, ಆಮೇಲೆ ಇಡೀ ಮೀನು ತಟ್ಟೆ ಬಿಟ್ಟು ನೀರಿನ ಮೇಲೆ ತೇಲುತ್ತದೆ. ತಟ್ಟೆ ಅಲುಗಾಡಿಸಿದರೆ ಈಜುತ್ತದೆ. ಮಕ್ಕಳಿಗೆ ಇದು ಜಾದೂ. ಮಾರ್ಕರ್ ರಿಪೇರಿ ಮಾಡುವವರಿಗೆ ಇದರಲ್ಲಿ ಎರಡು ಸುದ್ದಿಗಳಿವೆ. ರಾಳ ನೀರಿನಲ್ಲಿ ಕರಗುವುದಿಲ್ಲ, ಚರ್ಮದಂತೆ ಇಡಿಯಾಗಿ ಉಳಿಯುತ್ತದೆ. ಮತ್ತು ಆ ಎಣ್ಣೆಯ ಪದರ ಎಷ್ಟು ಸಲೀಸಾಗಿ ಹಿಡಿತ ಬಿಡಿಸುತ್ತದೆ ಎಂದರೆ ಬರೀ ನೀರು ಸಾಕು. ಪರ್ಮನೆಂಟ್ ಮಾರ್ಕರಿನ ಮೀನು ತಟ್ಟೆಗೇ ಅಂಟಿಕೊಂಡಿರುತ್ತದೆ. ಲೇಬಲ್ ಕಿತ್ತುಹೋದ ರೀಫಿಲ್ ಬಾಟಲಿ ಕೈಗೆ ಸಿಕ್ಕಾಗ ಈ ತಟ್ಟೆಯೇ ಪರೀಕ್ಷಾ ಮಂದಿರ. ಕಡ್ಡಿಯಿಂದ ಒಂದು ಗೀಟು ಎಳೆದು ನೀರು ಬಿಡಿ. ತೇಲಿದರೆ ಬೋರ್ಡಿನ ಇಂಕು. ತೇಲದಿದ್ದರೆ ಅನುಮಾನ ಇಟ್ಟುಕೊಳ್ಳಿ, ಬೋರ್ಡಿನ ಹತ್ತಿರ ತರಬೇಡಿ.

ಮೊದಲು ಬಿರಡೆ ತೆಗೆಯಿರಿ

ರೋಗ ಗುರುತಿಸುವುದು ಕಷ್ಟವಲ್ಲ, ಹಿಂದಿನ ಬಿರಡೆ ತೆಗೆಯಬೇಕು ಅಷ್ಟೆ. ರೀಫಿಲ್ ಆಗುವ ಮಾರ್ಕರ್‌ಗಳಲ್ಲಿ ಅದು ತಿರುಗಿಸಿದರೆ ಅಥವಾ ಎಳೆದರೆ ಬರುತ್ತದೆ. ಬಿಗಿಯಾಗಿದ್ದರೆ ಇಕ್ಕಳಕ್ಕೆ ಬಟ್ಟೆ ಸುತ್ತಿ, ಸ್ವಲ್ಪ ತಿರುಚುತ್ತಾ ಎಳೆಯಿರಿ. ಒಂದು ಸಲ ಬಳಸಿ ಎಸೆಯಲೆಂದೇ ಮಾಡಿದ ಅಗ್ಗದ ಮಾರ್ಕರ್‌ಗಳಲ್ಲಿ ಬಿರಡೆಯನ್ನು ಬೆಸೆದಿರುತ್ತಾರೆ. ಅಂಥದ್ದನ್ನು ಹಿಂದಿನಿಂದ ಬಿಚ್ಚಲು ಹೋದರೆ ಕೊಳವೆ ಸೀಳುತ್ತದೆ, ಮುಂದಿನಿಂದ ನಿಬ್ ಕೀಳುವುದೇ ವಾಸಿ. ಕೈಗೆ ಗ್ಲೌಸ್, ಮೇಜಿಗೆ ಹಳೆಯ ಪೇಪರ್ ಇರಲಿ. ಬಟ್ಟೆಗೆ ಬಿದ್ದ ಬೋರ್ಡ್ ಇಂಕು ಬೋರ್ಡಿನಷ್ಟು ಸುಲಭವಾಗಿ ಬಿಡುವುದಿಲ್ಲ.

ಹತ್ತಿಯ ತುದಿಗೆ ಟಿಶ್ಯೂ ಒತ್ತಿ ಹಿಡಿಯಿರಿ. ಟಿಶ್ಯೂ ಮೇಲೆ ಗಾಢವಾದ ಒದ್ದೆ ಕಲೆ ಬಂದರೆ ಇಂಕು ಬೇಕಾದಷ್ಟಿದೆ, ತಪ್ಪು ನಿಬ್ಬಿನದು. ಕಲೆ ಬರಲಿಲ್ಲ, ಆದರೆ ಹತ್ತಿ ನೋಡಲು ಕಡುಬಣ್ಣದ್ದಾಗಿ, ಮುಟ್ಟಿದರೆ ಗಡುಸಾಗಿದ್ದರೆ ಆಲ್ಕೋಹಾಲ್ ಹಾರಿಹೋಗಿ ಬಣ್ಣ, ರಾಳ ಅಲ್ಲೇ ಉಳಿದಿವೆ. ಸ್ಪಿರಿಟ್ ಕೆಲಸಕ್ಕೆ ಬರುವುದು ಈ ರೋಗಿಗೆ. ಕಲೆಯೂ ಇಲ್ಲ, ಹತ್ತಿಯೂ ಪೇಲವವಾಗಿ ತೇಪೆ ತೇಪೆಯಾಗಿ ಬಿಳಿಚಿದ್ದರೆ ಇಂಕು ಬರೆದೇ ಮುಗಿದಿದೆ. ಅದಕ್ಕೆ ಎಷ್ಟು ಸ್ಪಿರಿಟ್ ಬಿಟ್ಟರೂ ಸಾರಿಗೆ ನೀರು ಬೆರೆಸಿದ ಹಾಗೆ. ಗೀಟು ಒಂದು ನಿಮಿಷ ಕಾಣಿಸಿ, ಒಣಗಿದ ಮೇಲೆ ಕೊನೆಯ ಬೆಂಚಿಗೆ ಕಾಣುವುದಿಲ್ಲ. ಅದಕ್ಕೆ ಬೇಕಾದದ್ದು ಇಂಕು.

ಬಿರಡೆ ತೆಗೆಯುವ ಮೊದಲೇ ಮಾಡಬಹುದಾದ ಇನ್ನೊಂದು ಪರೀಕ್ಷೆ ಮೂಗಿನದು. ಕ್ಯಾಪ್ ಹಾಕಿದ ಮಾರ್ಕರಿನ ಮೂತಿ ಮೂಸಿದರೆ ವಾಸನೆ ಬರಬಾರದು. ಬಂದರೆ ಕ್ಯಾಪ್ ಸೋರುತ್ತಿದೆ. ಅಂಥ ಮಾರ್ಕರಿಗೆ ಏನು ತುಂಬಿಸಿದರೂ ವಾರದಲ್ಲಿ ಮತ್ತೆ ಒಣಗುತ್ತದೆ, ಆದ್ದರಿಂದ ಮೊದಲು ಕ್ಯಾಪ್ ಬದಲಿಸಿ. ಕ್ಯಾಪುಗಳು ನೆಲಕ್ಕೆ ಬಿದ್ದು, ಚಪ್ಪಲಿ ಅಡಿ ಸಿಕ್ಕು, ಕೂದಲೆಳೆಯಷ್ಟು ಸೀಳು ಬಿಟ್ಟಿರುತ್ತವೆ. ಬೆಳಕಿಗೆ ಹಿಡಿದರಷ್ಟೇ ಕಾಣುವಂಥ ಸೀಳು. ಅದೇ ಮಾದರಿಯ ಸತ್ತ ಮಾರ್ಕರಿನ ಕ್ಯಾಪ್ ಹಾಕುವುದು ಸುಲಭದ ದಾರಿ. ಕೆಲವು ಕ್ಯಾಪುಗಳ ತುದಿಯಲ್ಲಿ ಕಂಪನಿಯೇ ತೂತು ಬಿಟ್ಟಿರುತ್ತದೆ. ಮಗು ಕ್ಯಾಪ್ ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೂ ಉಸಿರಾಡಲಿ ಎಂದು ಇಟ್ಟದ್ದು ಅದು, ಗಾಳಿ ತಡೆಯುವ ಗೋಡೆ ಅದರ ಒಳಗೆ ಬೇರೆಯೇ ಇರುತ್ತದೆ. ಇಂಕು ಒಣಗಲು ಆ ತೂತೇ ಕಾರಣ ಎಂದು ಟೇಪ್ ಅಂಟಿಸುವವರಿದ್ದಾರೆ. ದಯವಿಟ್ಟು ಅಂಟಿಸಬೇಡಿ.

ನಿಬ್ಬಿನ ಕಥೆ

ತಟ್ಟೆಯಲ್ಲಿ ಬಿದ್ದಿರುವ ‘ಸತ್ತ’ ಮಾರ್ಕರ್‌ಗಳ ಪೈಕಿ ಬಹಳಷ್ಟರ ತೊಂದರೆ ನಿಬ್ಬಿನಲ್ಲೇ ಇರುತ್ತದೆ. ಅದರಲ್ಲೂ ಸೀಮೆಸುಣ್ಣದ ಹಲಗೆ ಮತ್ತು ವೈಟ್‌ಬೋರ್ಡ್ ಎರಡೂ ಇರುವ ಕೋಣೆಗಳಲ್ಲಿ. ಸುಣ್ಣದ ಧೂಳು ಬೋರ್ಡಿನ ಮೇಲೆ ಕೂರುತ್ತದೆ, ನಿಬ್ ಅದನ್ನು ಉಜ್ಜಿಕೊಂಡು ಹೋಗುತ್ತದೆ, ಇಂಕಿನ ರಾಳದ ಜೊತೆ ಸೇರಿ ನಿಬ್ಬಿನ ತುದಿಗೆ ಹೊಳೆಯುವ ಒಂದು ಪದರ ಕಟ್ಟುತ್ತದೆ. ಹೊಸ ನಿಬ್ ನೋಡಲು ಬಟ್ಟೆಯಂತೆ ಮಂದವಾಗಿರುತ್ತದೆ, ಕಟ್ಟಿಕೊಂಡ ನಿಬ್ ಪಾಲಿಶ್ ಮಾಡಿದಂತೆ ಮಿನುಗುತ್ತದೆ. ಮಿನುಗಿದರೆ ಕೆಟ್ಟಿತು.

ಇನ್ನೊಂದು ಕಾರಣ ಒದ್ದೆ ಬೋರ್ಡು. ಸ್ಪ್ರೇ ಹೊಡೆದು ಒರೆಸಿ, ಆರುವ ಮೊದಲೇ ಬರೆಯಲು ಶುರು ಮಾಡುತ್ತಾರೆ. ತಟ್ಟೆಯ ಮೀನನ್ನು ನೆನಪಿಸಿಕೊಳ್ಳಿ. ರಾಳ ನೀರಿನಲ್ಲಿ ಕರಗದು. ನಿಬ್ಬಿನ ಸಂದಿಗೆ ನೀರು ಹೊಕ್ಕಿತೆಂದರೆ, ಆಲ್ಕೋಹಾಲಿನಲ್ಲಿ ಕರಗಿದ್ದ ರಾಳ ಅಲ್ಲೇ ಒಡೆದ ಹಾಲಿನಂತೆ ಗರಣೆ ಕಟ್ಟುತ್ತದೆ. ಹಿಂದೆ ಎಷ್ಟೇ ಇಂಕಿದ್ದರೂ ಮುಂದೆ ಬರಲು ದಾರಿ ಇಲ್ಲ. ಸಾಬೂನಿನ ಅಂಶ ಉಳಿಸುವ ಕ್ಲೀನರ್ ಆದರೆ ಇನ್ನೂ ಕೆಡುಕು. ಬೋರ್ಡಿನ ಮೇಲೆ ಉಳಿದ ಆ ತೆಳು ಪೊರೆಯನ್ನು ಪ್ರತಿ ಅಕ್ಷರವೂ ನಿಬ್ಬಿಗೆ ಬಳಿದುಕೊಳ್ಳುತ್ತದೆ.

ರಿಪೇರಿ ಹೀಗೆ. ನಿಬ್ಬನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಹಿಡಿದು ನೇರವಾಗಿ ಎಳೆಯಿರಿ. ಅಡ್ಡಡ್ಡ ಅಲುಗಾಡಿಸಿದರೆ ಮೂತಿಯ ರಂಧ್ರ ಅಗಲವಾಗಿ, ಆಮೇಲೆ ನಿಬ್ ಸಡಿಲವಾಗಿ ಕೂರುತ್ತದೆ. ಹೊರಬಂದ ನಿಬ್ಬಿನ ಹಿಂದಿನ ತುದಿ ನೋಡಿ. ಬಹಳಷ್ಟು ಮಾರ್ಕರ್‌ಗಳಲ್ಲಿ ಅದು ಮುಂದಿನಷ್ಟೇ ಚೆನ್ನಾಗಿ ರೂಪಿಸಿದ ತುದಿಯೇ ಆಗಿರುತ್ತದೆ, ಒಂದು ದಿನವೂ ಬೋರ್ಡು ಕಾಣದೆ ಇಂಕಿನಲ್ಲೇ ಮುಳುಗಿದ್ದದ್ದು. ತಿರುಗಿಸಿ ಹಾಕಿದರೆ ಮಾರ್ಕರ್ ಹೊಸದು. ಖರ್ಚು ಸೊನ್ನೆ, ಸಮಯ ಒಂದು ನಿಮಿಷ. ಎಲ್ಲ ರಿಪೇರಿಗಳಲ್ಲಿ ನನಗೆ ಅತಿ ಮೆಚ್ಚಿನದು ಇದೇ, ಯಾಕೆಂದರೆ ಇದರಲ್ಲಿ ಹಾಳಾಗುವಂಥದ್ದು ಏನೂ ಇಲ್ಲ. ಒಂದು ಎಚ್ಚರಿಕೆ: ಕರಕು ಕಟ್ಟಿದ ತುದಿ ಈಗ ಹತ್ತಿಯ ಕಡೆ ಹೋಗುತ್ತದೆ. ಅದನ್ನು ಹಾಗೇ ಹಾಕಿದರೆ ಬಾಯಿ ಒಳಗೆ ಕಟ್ಟಿದಂತೆ. ತಿರುಗಿಸುವ ಮೊದಲು ಚೂಪಾದ ಬ್ಲೇಡಿನಿಂದ ಒಂದು ಮಿಲಿಮೀಟರ್ ಕತ್ತರಿಸಿ ತೆಗೆಯಿರಿ. ಹೊಸ ಬ್ಲೇಡೇ ಬೇಕು, ಮೊಂಡು ಬ್ಲೇಡು ಎಳೆಗಳನ್ನು ಜಜ್ಜಿ ಸಂದುಗಳನ್ನೇ ಮುಚ್ಚಿಬಿಡುತ್ತದೆ.

ಎರಡೂ ತುದಿ ಕೆಟ್ಟಿದ್ದರೆ, ಅಥವಾ ಹಿಂದಿನ ತುದಿ ಒರಟಾಗಿದ್ದರೆ ನೆನೆಸಬೇಕು. ಸಣ್ಣ ಗಾಜಿನ ಶೀಶೆಯಲ್ಲಿ 5 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್ (ಎಂಥದ್ದು ಎಂಬುದು ಮುಂದೆ ಬರುತ್ತದೆ) ಹಾಕಿ, ನಿಬ್ ಮುಳುಗಿಸಿ, ಮುಚ್ಚಿ ಅರ್ಧ ಗಂಟೆ ಬಿಡಿ. ತೆಗೆದು ಟಿಶ್ಯೂ ನಡುವೆ ಒತ್ತಿ ಹಿಂಡಿ. ಕೊಳೆ ಬಣ್ಣ ಬರುತ್ತಿರುವವರೆಗೆ ಹೊಸ ಆಲ್ಕೋಹಾಲಿನಲ್ಲಿ ಇನ್ನೊಂದೆರಡು ಸಲ ಅದ್ದಿ ಹಿಂಡಿ. ಪೂರ್ತಿ ಬಿಳಿಯಾಗಲಿ ಎಂದು ಕಾಯುವ ಅಗತ್ಯವಿಲ್ಲ. ಮರಳಿ ಹಾಕುವಾಗ ನಿಬ್ ಹತ್ತಿಯೊಳಗೆ ಅರ್ಧ ಸೆಂಟಿಮೀಟರಾದರೂ ಹೊಕ್ಕಿರಬೇಕು. ಬತ್ತಿ ಎಣ್ಣೆಗೆ ತಾಗದ ದೀಪ ಎಂದೆನಲ್ಲ, ಅದು ಇಲ್ಲಿಯೇ ಆಗುವುದು. ನಿಬ್ ಕತ್ತರಿಸಿ ಕತ್ತರಿಸಿ ಗಿಡ್ಡವಾದಾಗ ಅದು ಮೂತಿಯಲ್ಲಿ ಚೆಂದವಾಗಿ ಕೂತಿರುತ್ತದೆ, ಹತ್ತಿಗೆ ಮಾತ್ರ ತಾಗಿರುವುದಿಲ್ಲ. ಹಾಕಿದ ಮೇಲೆ ಕ್ಯಾಪ್ ಮುಚ್ಚಿ, ಮೂತಿ ಕೆಳಗೆ ಮಾಡಿ ಎರಡು ಮೂರು ಗಂಟೆ ನಿಲ್ಲಿಸಿ. ಐದು ನಿಮಿಷಕ್ಕೇ ಬರೆದು ನೋಡಿ ‘ಆಗಲಿಲ್ಲ’ ಎನ್ನುವುದು ಅವಸರ.

ಜೋರಾಗಿ ಒತ್ತಿ ಬರೆಯುವವರ ಕೈಯಲ್ಲಿ ನಿಬ್ ಒಳಗೆ ಕುಸಿಯುತ್ತದೆ. ಆಗ ಪ್ಲಾಸ್ಟಿಕ್ ಮೂತಿಯೇ ಬೋರ್ಡಿಗೆ ತಾಗಿ ಗೀರು ಬೀಳುತ್ತದೆ. ಇಕ್ಕಳದಿಂದ ಎರಡು ಮೂರು ಮಿಲಿಮೀಟರ್ ಹೊರಗೆಳೆದರೆ ಸಾಕು.

ಯಾವ ಸ್ಪಿರಿಟ್?

ಆಲ್ಕೋಹಾಲ್ ಹಾರಿಹೋದ ಮಾರ್ಕರಿಗೆ ಏನು ಹಾಕಬೇಕು ಎಂಬಲ್ಲೇ ಹೆಚ್ಚಿನ ಅನಾಹುತಗಳು ಆಗುವುದು. ಬೇಕಾದದ್ದು 99 ಶೇಕಡ ಶುದ್ಧತೆಯ ಐಸೊಪ್ರೊಪೈಲ್ ಆಲ್ಕೋಹಾಲ್, ಅಂಗಡಿಯ ಮಾತಿನಲ್ಲಿ ಐಪಿಎ. ಮೊಬೈಲ್ ರಿಪೇರಿಯವರು ಒಳಗಿನ ಸರ್ಕ್ಯೂಟ್ ತೊಳೆಯಲು ಬಳಸುವುದು ಇದನ್ನೇ, ಬೆಂಗಳೂರಿನ ಎಸ್‌ಪಿ ರೋಡಿನಂಥ ಎಲೆಕ್ಟ್ರಾನಿಕ್ಸ್ ಬೀದಿಗಳಲ್ಲಿ ಕೇಳಿದರೆ ಸಿಗುತ್ತದೆ. ಔಷಧ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 70 ಶೇಕಡದ್ದು. ಉಳಿದ 30 ಭಾಗ ನೀರು. ನೀರು ರಾಳಕ್ಕೆ ಏನು ಮಾಡುತ್ತದೆ ಎಂದು ಆಗಲೇ ನೋಡಿದೆವು. 70ರದ್ದು ಹಾಕಿದ ಮಾರ್ಕರ್ ಮೊದಲ ದಿನ ಬರೆಯುತ್ತದೆ, ಆದರೆ ಗೀಟು ಬೋರ್ಡಿನ ಮೇಲೆ ಹನಿಹನಿಯಾಗಿ ಒಡೆಯುತ್ತದೆ, ಒಣಗಲು ತಡವಾಗಿ ಕೈಗೆ ಮೆತ್ತುತ್ತದೆ, ನಾಲ್ಕು ದಿನದಲ್ಲಿ ನಿಬ್ ಕಟ್ಟುತ್ತದೆ. ಕರಾವಳಿಯ ಮಳೆಗಾಲದಲ್ಲಿ 99ರ ಬಾಟಲಿಯೂ ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಕೂಡಲೇ ಮುಚ್ಚಿ.

ಹ್ಯಾಂಡ್ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರಿನ ಜೊತೆಗೆ ಗ್ಲಿಸರಿನ್ ಇರುತ್ತದೆ, ಅದು ಒಣಗುವುದೇ ಇಲ್ಲ. ಸರ್ಜಿಕಲ್ ಸ್ಪಿರಿಟ್ಟಿನ ಬ್ರಿಟಿಷ್ ಸೂತ್ರದಲ್ಲಿ ಚರ್ಮ ಒಡೆಯದಿರಲೆಂದು ಹರಳೆಣ್ಣೆ ಸೇರಿಸುತ್ತಾರೆ. ಬೋರ್ಡಿಗೆ ಅದು ಜಿಡ್ಡು. ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಕೆಲವು ಮಾರ್ಕರ್‌ಗಳ ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡುತ್ತದೆ. ಪೇಂಟ್ ಥಿನ್ನರ್, ಮೆಥನಾಲ್ ಬೆರೆಸಿದ ಕೈಗಾರಿಕಾ ಸ್ಪಿರಿಟ್ ಇವನ್ನು ಮಕ್ಕಳು ಕೂರುವ ಕೋಣೆಗೆ ತರುವ ಮಾತೇ ಬೇಡ. ಇವು ಆವಿಯಲ್ಲೂ ವಿಷ.

ಪ್ರಮಾಣ: ಗಡುಸಾಗಿ ಒಣಗಿದ ಹತ್ತಿಗೆ ಮೊದಲ ಸುತ್ತಿನಲ್ಲಿ ಅರ್ಧ ಮಿ.ಲೀ., ಹೆಚ್ಚೆಂದರೆ ಒಂದು. ಸೂಜಿ ತೆಗೆದ 2 ಮಿ.ಲೀ. ಸಿರಿಂಜಿನಿಂದ ಹಿಂಬದಿಯ ಹತ್ತಿಯ ಮೇಲೆ ಹನಿಹನಿಯಾಗಿ ಬಿಡಿ. ಹನಿ ಎಣಿಸಿ ಅಳೆಯುವ ಅಭ್ಯಾಸ ಇದ್ದವರು ಗಮನಿಸಿ: ನೀರಿನ ಇಪ್ಪತ್ತು ಹನಿಗೆ ಸುಮಾರು ಒಂದು ಮಿ.ಲೀ. ಆದರೆ, ಆಲ್ಕೋಹಾಲಿನ ಮೇಲ್ಮೈ ಸೆಳೆತ ನೀರಿನದರ ಮೂರನೇ ಒಂದು ಭಾಗದಷ್ಟೇ ಇರುವುದರಿಂದ ಹನಿ ತೀರ ಸಣ್ಣದು, ಒಂದು ಮಿ.ಲೀ.ಗೆ ಐವತ್ತರ ಹತ್ತಿರ ಬೇಕಾಗುತ್ತದೆ. ಸಿರಿಂಜಿನ ಗೀಟು ನೋಡುವುದೇ ಸರಿ. ಬಿಟ್ಟ ಮೇಲೆ ಬಿರಡೆ, ಕ್ಯಾಪ್ ಎರಡೂ ಹಾಕಿ ಅಡ್ಡ ಮಲಗಿಸಿ ರಾತ್ರಿಯಿಡೀ ಬಿಡಿ. ಗಟ್ಟಿಯಾದ ರಾಳ ಕರಗಲು ಹೊತ್ತು ಬೇಕು. ಬೆಳಿಗ್ಗೆ ಇನ್ನೂ ಗಡುಸಿದ್ದರೆ ಇನ್ನರ್ಧ. ಒಂದೇ ಸಲ ಎರಡು ಮಿ.ಲೀ. ಸುರಿದರೆ ತೆಳ್ಳಗಾದ ಇಂಕನ್ನು ಮರಳಿ ಗಟ್ಟಿ ಮಾಡಲು ದಾರಿಯಿಲ್ಲ.

ಕ್ಯಾಪ್ ಹಾಕದೆ ಒಂದು ರಾತ್ರಿ ಫ್ಯಾನಿನ ಕೆಳಗೆ ಬಿದ್ದಿದ್ದ ಮಾರ್ಕರಿಗೆ ಇಷ್ಟೆಲ್ಲ ಬೇಡ. ಮೊದಲು ಒಣಗುವುದು ನಿಬ್. ಹಾಗೆ ಒಣಗಿದ ನಿಬ್ಬೇ ಒಂದು ಬಿರಡೆಯಂತಾಗಿ ಒಳಗಿನದನ್ನು ಕೆಲಹೊತ್ತು ಕಾಯುತ್ತದೆ. ಆಲ್ಕೋಹಾಲಿನಲ್ಲಿ ನಿಬ್ಬಿನ ತುದಿಯನ್ನು ಒಂದು ನಿಮಿಷ ಅದ್ದಿ, ಕ್ಯಾಪ್ ಹಾಕಿ ಮೂತಿ ಕೆಳಗೆ ನಿಲ್ಲಿಸಿದರೆ ಸಾಮಾನ್ಯವಾಗಿ ಎದ್ದು ಕೂರುತ್ತದೆ.

ಐಪಿಎ ಆವಿಗೆ ಬೆಂಕಿ ಹತ್ತಲು 12 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಬೆಂಗಳೂರಿನ ಡಿಸೆಂಬರ್ ಬೆಳಗೂ ಸಾಮಾನ್ಯವಾಗಿ ಅದಕ್ಕಿಂತ ಬೆಚ್ಚಗಿರುತ್ತದೆ. ಕಿಟಕಿ ತೆರೆದ ಕೋಣೆಯಲ್ಲಿ ಮಾಡಿ. ಊದುಬತ್ತಿ, ಗ್ಯಾಸ್ ಒಲೆ ಹತ್ತಿರ ಇರಬಾರದು. ಲ್ಯಾಬ್ ಅಟೆಂಡರ್ ಅಥವಾ ಶಿಕ್ಷಕರು ಮಾಡಬೇಕಾದ ಕೆಲಸವಿದು, ಆರನೇ ಕ್ಲಾಸಿನ ಮಾನಿಟರ್ ಮಾಡುವಂಥದ್ದಲ್ಲ.

ಇಂಕು ತುಂಬುವಾಗ

ಬರೆದು ಬರಿದಾದ ಮಾರ್ಕರಿಗೆ ವೈಟ್‌ಬೋರ್ಡ್ ಇಂಕೇ ಬೇಕು. ಸ್ಟೇಷನರಿ ಅಂಗಡಿಯಲ್ಲಿ ಸಣ್ಣ ಬಾಟಲಿಗಳಲ್ಲಿ ಸಿಗುತ್ತದೆ. ಪಕ್ಕದಲ್ಲೇ ಅದೇ ಗಾತ್ರದ, ಅದೇ ಬಣ್ಣದ ಮುಚ್ಚಳದ ಪರ್ಮನೆಂಟ್ ಇಂಕಿನ ಬಾಟಲಿಯೂ ಇರುತ್ತದೆ. ಅಂಗಡಿಯವರ ಕೈ ತಪ್ಪುವುದು ಅಪರೂಪವಲ್ಲ, ಲೇಬಲ್ ನೀವೇ ಓದಿ. ಒಮ್ಮೆ ಪರ್ಮನೆಂಟ್ ಇಂಕು ಕುಡಿದ ಹತ್ತಿಯನ್ನು ತೊಳೆದು ಸರಿಮಾಡುವ ಆಸೆ ಬೇಡ, ಆ ಮಾರ್ಕರನ್ನು ಪೆಟ್ಟಿಗೆಗಳ ಮೇಲೆ ಬರೆಯಲು ಇಟ್ಟುಕೊಳ್ಳಿ. ಬೋರ್ಡಿನ ಮೇಲೆ ಆಗಲೇ ಬರೆದುಬಿಟ್ಟಿದ್ದರೆ, ಆ ಅಕ್ಷರಗಳ ಮೇಲೆಯೇ ಒಳ್ಳೆಯ ವೈಟ್‌ಬೋರ್ಡ್ ಮಾರ್ಕರಿನಿಂದ ದಪ್ಪಗೆ ತಿದ್ದಿ, ಹಸಿಯಿರುವಾಗಲೇ ಒರೆಸಿ. ಹೊಸ ಇಂಕಿನ ಆಲ್ಕೋಹಾಲ್ ಹಳೆಯದನ್ನು ಕರಗಿಸುತ್ತದೆ, ಅದರ ಎಣ್ಣೆ ಮತ್ತೆ ಕಚ್ಚಿಕೊಳ್ಳದಂತೆ ತಡೆಯುತ್ತದೆ.

ಫೌಂಟನ್ ಪೆನ್ನಿನ ಇಂಕು ನೀರಿನದು, ಬೋರ್ಡಿನ ಮೇಲೆ ಕೆಸುವಿನೆಲೆಯ ಮೇಲಿನ ನೀರಿನಂತೆ ಮುತ್ತಾಗಿ ಉರುಳುತ್ತದೆ. ಸ್ಟ್ಯಾಂಪ್ ಪ್ಯಾಡಿನ ಇಂಕು ಒಣಗದಿರಲೆಂದೇ ಮಾಡಿದ್ದು. ಪ್ರಿಂಟರ್ ಇಂಕಿನಲ್ಲಿ ಪುಡಿಯ ಬದಲು ಕರಗುವ ಬಣ್ಣವಿದ್ದರೆ ಅಗ್ಗದ ಬೋರ್ಡಿನ ಮೈಗೆ ಇಳಿದು ಶಾಶ್ವತ ಕಲೆ. ಈ ಮೂರನ್ನೂ ಪ್ರಯೋಗಿಸಿದವರು ಎಲ್ಲ ಊರಲ್ಲೂ ಇದ್ದಾರೆ.

ಎರಡರಿಂದ ಮೂರು ಮಿ.ಲೀ. ಸಾಮಾನ್ಯ ಗಾತ್ರದ ಮಾರ್ಕರಿಗೆ ಸಾಕಾಗುತ್ತದೆ. ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿ, ಪುಡಿ ತಳದಲ್ಲಿ ಕೂತಿರುತ್ತದೆ. ಅಲುಗಾಡಿಸದೆ ಮೇಲಿನ ತಿಳಿ ತುಂಬಿಸಿ ‘ಈ ಇಂಕು ಪೇಲವ’ ಎಂದು ದೂರುವವರೂ ಉಂಟು. ಹಿಂಬದಿಯಿಂದ ಅರ್ಧರ್ಧ ಮಿ.ಲೀ. ಬಿಡುತ್ತಾ, ಪ್ರತಿ ಸಲವೂ ಹತ್ತಿ ಪೂರ್ತಿ ಹೀರಿಕೊಳ್ಳುವವರೆಗೆ ನಿಲ್ಲಿ. ಮೇಲೆ ಇಂಕು ನಿಂತು ಹೊಳೆಯತೊಡಗಿದರೆ ಆಯಿತು, ಹೆಚ್ಚಾದದ್ದನ್ನು ಟಿಶ್ಯೂವಿನಿಂದ ಹೀರಿ ತೆಗೆಯಿರಿ. ಆಸೆಗೆ ಬಿದ್ದು ತುಂಬಿಸಿದರೆ ಆಗುವುದು ಇದು: ಹತ್ತಿ ಹಿಡಿಯಲಾರದ ಇಂಕು ಮೂತಿಯ ಗಾಳಿ ಕಾಲುವೆಗಳಿಗೆ ಇಳಿಯುತ್ತದೆ. ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ಹೊರಹೋಗಲು ಇರುವ ದಾರಿಯಲ್ಲಿ ಇಂಕು ನಿಂತಿದೆ, ಗಾಳಿ ಅದನ್ನು ತಳ್ಳಿಕೊಂಡು ಬರುತ್ತದೆ. ಬರೆಯುತ್ತಿರುವಾಗ ಬೋರ್ಡಿನ ಮೇಲೆ ಕಪ್ಪು ಧಾರೆ ಇಳಿಯುವುದು, ಕ್ಯಾಪ್ ತೆಗೆದೊಡನೆ ಬೆರಳೆಲ್ಲ ಮಸಿಯಾಗುವುದು ಇದರಿಂದಲೇ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಕಿಟಕಿ ಪಕ್ಕ ಇಟ್ಟ ಮಾರ್ಕರ್ ಕ್ಯಾಪಿನೊಳಗೇ ಕಾರಿಕೊಂಡಿರುತ್ತದೆ. ಹೀಗಾದರೆ ಕ್ಯಾಪಿನ ಒಳಗನ್ನು ಒರೆಸಿ, ಮೂತಿಯನ್ನು ಟಿಶ್ಯೂ ಮೇಲೆ ಊರಿ ಹೆಚ್ಚಿನದು ಇಳಿಯಲು ಬಿಡಿ.

ಅವಸರವಿಲ್ಲದವರಿಗೆ ಇನ್ನೂ ಅಚ್ಚುಕಟ್ಟಾದ ದಾರಿ ಇದೆ. ಕಿರಿದಾದ ಬಾಯಿಯ ಶೀಶೆಯಲ್ಲಿ ಒಂದು ಸೆಂಟಿಮೀಟರ್ ಎತ್ತರಕ್ಕೆ ಇಂಕು ಹಾಕಿ, ನಿಬ್ ಅದರಲ್ಲಿ ಮುಳುಗುವಂತೆ ಮಾರ್ಕರನ್ನು ತಲೆಕೆಳಗಾಗಿ ನಿಲ್ಲಿಸಿ, ಶೀಶೆಯ ಬಾಯಿ ಮತ್ತು ಮಾರ್ಕರಿನ ನಡುವಿನ ಸಂದಿಗೆ ಟೇಪ್ ಸುತ್ತಿ ರಾತ್ರಿ ಬಿಡುವುದು. ಬರಿದಾದ ಹತ್ತಿ ತನಗೆ ಬೇಕಾದಷ್ಟನ್ನು ನಿಬ್ಬಿನ ಮೂಲಕವೇ ಹೀರಿಕೊಂಡು ನಿಲ್ಲುತ್ತದೆ, ಆದ್ದರಿಂದ ತುಂಬಿ ಚೆಲ್ಲುವ ಭಯ ಕಡಿಮೆ. ಬಿರಡೆ ಬೆಸೆದ ಮಾರ್ಕರ್‌ಗಳಿಗೆ ಇದೇ ಮದ್ದು. ನಿಬ್ ಶುದ್ಧವಾಗಿರಬೇಕು ಅಷ್ಟೆ, ಕಟ್ಟಿದ ನಿಬ್ ಹೊರಗೂ ಬಿಡದು, ಒಳಗೂ ಬಿಡದು.

ಹತ್ತಿಯೇ ಇಲ್ಲದೆ ಪಾರದರ್ಶಕ ಹೊಟ್ಟೆಯಲ್ಲಿ ಇಂಕು ದ್ರವವಾಗಿಯೇ ಅಲ್ಲಾಡುವ ಮಾರ್ಕರ್‌ಗಳ ರೀತಿ ಬೇರೆ. ಪೈಲಟ್ ವಿ ಬೋರ್ಡ್ ಮಾಸ್ಟರ್‌ನಂಥವು ಈ ಜಾತಿ. ಇವುಗಳ ಮೇಲೆ ಸಿರಿಂಜ್ ಪ್ರಯೋಗ ಬೇಡ, ಕಾರ್ಟ್ರಿಜ್ ಕಳಚಿ ಹೊಸದನ್ನು ಒತ್ತಿ ಕೂರಿಸುವುದಷ್ಟೇ ಕೆಲಸ.

ಬಣ್ಣ ಬದಲಿಸುವುದಾದರೆ ತಿಳಿಯಿಂದ ಗಾಢಕ್ಕೆ ಹೋಗಬಹುದು. ಖಾಲಿಯಾದ ಕೆಂಪು ಮಾರ್ಕರಿಗೆ ಕಪ್ಪು ತುಂಬಿದರೆ ಎರಡು ಸಾಲು ಬರೆಯುವಷ್ಟರಲ್ಲಿ ಕಪ್ಪಾಗುತ್ತದೆ. ಕಪ್ಪಿಗೆ ಕೆಂಪು ತುಂಬಿದರೆ ಕೊನೆಯವರೆಗೂ ಕೆಸರು. ಮತ್ತೆ ಹೊರಗಿನ ಕ್ಯಾಪ್ ಕೆಂಪೇ ಇರುತ್ತದೆ, ಅದನ್ನು ಬದಲಿಸದಿದ್ದರೆ ಉತ್ತರ ತಿದ್ದಲು ಕೆಂಪು ಎತ್ತಿಕೊಂಡ ಮೇಷ್ಟ್ರು ಪೇಚಿಗೆ ಸಿಗುತ್ತಾರೆ.

ಕೊಡವುವುದು, ಬೀಸುವುದು

ದಾರ ಕಟ್ಟಿ ಗಿರಗಿರ ತಿರುಗಿಸುವ ಉಪಾಯ ಬಹಳ ಜನಪ್ರಿಯ. ಕ್ಯಾಪ್ ಬಿಗಿಯಾಗಿ ಹಾಕಿ, ಮಾರ್ಕರಿನ ಬಾಲಕ್ಕೆ ದಾರ ಕಟ್ಟಿ, ಕವಣೆಯಂತೆ ಅರ್ಧ ನಿಮಿಷ ಬೀಸಿದರೆ ಹಿಂದೆ ಸರಿದ ಇಂಕು ನಿಬ್ಬಿನ ಕಡೆ ಬರುತ್ತದೆ. ಇದು ಕೆಲಸ ಮಾಡುವುದು ಒಂದೇ ಸಂದರ್ಭದಲ್ಲಿ: ಪೆನ್ ಸ್ಟ್ಯಾಂಡಿನಲ್ಲಿ ಮೂತಿ ಮೇಲಾಗಿ ವಾರಗಟ್ಟಲೆ ನಿಂತಿದ್ದ, ಇಂಕು ಇನ್ನೂ ಒದ್ದೆಯಿರುವ ಮಾರ್ಕರಿಗೆ. ಅದನ್ನೇ ಒಂದು ದಿನ ಅಡ್ಡ ಮಲಗಿಸಿ, ಆಮೇಲೆ ಕೆಲವು ಗಂಟೆ ಮೂತಿ ಕೆಳಗೆ ಮಾಡಿಟ್ಟರೂ ಬಹಳಷ್ಟು ಸಲ ಇದೇ ಫಲ ಸಿಗುತ್ತದೆ, ದಾರ ಕಳಚಿ ಯಾರ ಹಣೆಗೂ ಬಡಿಯುವುದಿಲ್ಲ. ಮೂತಿ ಮೇಲೆ ಮಾಡಿ ನಿಲ್ಲಿಸಿದಾಗ ಬಣ್ಣದ ಪುಡಿ ಬಾಲದ ಕಡೆ ಇಳಿಯುತ್ತದೆ, ನಿಬ್ಬಿನ ಬಳಿ ಉಳಿಯುವುದು ತಿಳಿ. ಸದಾ ಮೂತಿ ಕೆಳಗಿಟ್ಟರೆ ನಿಬ್ಬಿನಲ್ಲಿ ಪುಡಿ ಹೆಚ್ಚಾಗಿ ಕ್ಯಾಪಿಗೆ ಒಸರುತ್ತದೆ. ಅಡ್ಡ ಮಲಗಿಸುವುದೇ ಸರಿಯಾದ ಭಂಗಿ. ಅಂದವಾದ ಪೆನ್ ಸ್ಟ್ಯಾಂಡುಗಳು ಮಾರ್ಕರಿನ ಶತ್ರುಗಳು.

ಬೋರ್ಡಿನ ತಪ್ಪನ್ನು ಮಾರ್ಕರಿನ ಮೇಲೆ ಹೊರಿಸುವುದೂ ನಡೆಯುತ್ತದೆ. ಅದೇ ಮಾರ್ಕರ್ ಗಾಜಿನ ಮೇಲೆ ಗಾಢವಾಗಿ ಬರೆದು, ಬೋರ್ಡಿನ ಮೇಲೆ ತಡವರಿಸಿದರೆ ಬೋರ್ಡಿಗೇ ಜಿಡ್ಡು ಹಿಡಿದಿದೆ. ಅಗ್ಗದ ಮೆಲಮೈನ್ ಬೋರ್ಡಿನ ಮೈ ಉಜ್ಜಿ ಉಜ್ಜಿ ಸವೆದು ಸೂಕ್ಷ್ಮ ರಂಧ್ರ ಬಿಟ್ಟಿರುತ್ತದೆ, ಇಂಕು ಅದರೊಳಗೆ ಇಳಿದು ನೆರಳಿನಂತೆ ಉಳಿಯುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಆ ದಿನಕ್ಕೆ ಬೆಳ್ಳಗಾಗುತ್ತದೆ, ಗೀರು ಮಾತ್ರ ಹೆಚ್ಚಾಗುತ್ತದೆ. ಎನಾಮಲ್ ಪೂಸಿದ ಉಕ್ಕಿನ ಬೋರ್ಡು, ಗಾಜಿನ ಬೋರ್ಡು ಇದನ್ನು ತಡೆಯುತ್ತವೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಆರಿಸಿದರೆ ಸಾಕು. ಡಸ್ಟರನ್ನೂ ತೊಳೆದು ಒಣಗಿಸಿ. ತುಂಬಿದ ಡಸ್ಟರು ಬಳಿಯುತ್ತದೆಯೇ ಹೊರತು ಅಳಿಸುವುದಿಲ್ಲ.

ರಿಪೇರಿಯಾದ ಪ್ರತಿ ಮಾರ್ಕರನ್ನೂ ಕ್ಲಾಸಿಗೆ ಕಳಿಸುವ ಮೊದಲು ಬೋರ್ಡಿನ ಮೂಲೆಯಲ್ಲಿ ಒಂದು ಬೆರಳಗಲ ಗೀಟು ಎಳೆಯಿರಿ. ಹತ್ತು ಎಣಿಸಿ ಅರ್ಧ ಗೀಟು ಒರೆಸಿ: ಮೆತ್ತದೆ ಪುಡಿಯಾಗಿ ಬರಬೇಕು. ಉಳಿದರ್ಧವನ್ನು ಮಾರನೆಯ ದಿನ ಒರೆಸಿ: ಆಗಲೂ ನೆರಳು ಬಿಡದೆ ಬರಬೇಕು. ಎರಡರಲ್ಲಿ ಒಂದು ತಪ್ಪಿದರೂ ಅದು ಕ್ಲಾಸಿಗೆ ಹೋಗುವ ಮಾರ್ಕರಲ್ಲ. ಪಾಸಾದದ್ದರ ಮೈಗೆ ಬಿಳಿ ಟೇಪ್ ಸುತ್ತಿ ತುಂಬಿಸಿದ ತಾರೀಕು ಬರೆದರೆ, ಯಾವುದು ಎಷ್ಟು ದಿನ ಬಾಳಿತು, ಯಾವುದರ ಕ್ಯಾಪ್ ಸೋರುತ್ತಿದೆ ಎಂದು ಎರಡನೇ ಸುತ್ತಿನಲ್ಲೇ ಗೊತ್ತಾಗುತ್ತದೆ. ಜಜ್ಜಿಹೋದ ನಿಬ್, ಸೀಳಿದ ಕೊಳವೆ ಇವು ಬುಟ್ಟಿಗೆ. ಎಸೆಯುವ ಮುನ್ನ ಕ್ಯಾಪ್, ಬಿರಡೆ, ಚೆನ್ನಾಗಿರುವ ನಿಬ್ ಕಿತ್ತು ಒಂದು ಡಬ್ಬಿಗೆ ಹಾಕಿಡಿ. ಮುಂದಿನ ತಿಂಗಳ ರಿಪೇರಿಗೆ ಬಿಡಿಭಾಗ ಅಲ್ಲಿಂದಲೇ ಬರಬೇಕು.